ಮದ್ದು ಹೊಡೆಯುವ ನಾವು ಎಣ್ಣೆ ಹಚ್ಚಲು ಏಕೆ ಹಿಂಜರಿಯುತ್ತೇವೆ?

ಮಳೆ ಹಿಡಿಯುವುದಕ್ಕೆ ಮೊದಲೇ ಅಡಿಕೆ ತೋಟಕ್ಕೆ ಒಂದು ಸಲ ಮದ್ದು ಹೊಡೆದು ಮುಗಿದಿರಬೇಕು ಎಂಬುದನ್ನು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹೊತ್ತಿಗೆ ತೋಟದಲ್ಲಿ ಕೊಳೆರೋಗದ ಸುಳಿವೇ ಇರುವುದಿಲ್ಲ. ಕಾಯಿ ಹಸಿರಾಗಿ, ಗಟ್ಟಿಯಾಗಿ ಗೊನೆಯಲ್ಲಿ ನಿಂತಿರುತ್ತದೆ. ಆದರೂ ಮೈಲುತುತ್ತದ ಬೆಲೆ ಎಷ್ಟೇ ಏರಿರಲಿ, ಕೊನೆಗಾರನನ್ನು ಹುಡುಕಿ ತರುವುದು ಎಷ್ಟೇ ಕಷ್ಟವಾಗಿರಲಿ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕದಲ್ಲಿ ನಾವು ಡ್ರಮ್ಮು ತುಂಬಿಸಿಯೇ ತುಂಬಿಸುತ್ತೇವೆ. ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಮಳೆಯ ನಡುವೆ ಒಂದು ಬಿಸಿಲಿನ ದಿನಕ್ಕಾಗಿ ಕಾದು ಕುಳಿತು ಎರಡನೆಯ ಸಲವೂ ಹೊಡೆಯುತ್ತೇವೆ. ಬಾರದೇ ಇರುವ ರೋಗಕ್ಕೆ ಮುಂಚಿತವಾಗಿ ಹಣ ಖರ್ಚು ಮಾಡುವುದರಲ್ಲಿ ಅಡಿಕೆ ಬೆಳೆಗಾರನಷ್ಟು ಅಭ್ಯಾಸವಿರುವವರು ಬೇರೆ ಇರಲಾರರು.

ಅದೇ ಮನೆಗೆ ಡಿಸೆಂಬರ್ ತಿಂಗಳಲ್ಲಿ ಹೋಗಿ ನೋಡಿದರೆ, ಆಶಾ ಕಾರ್ಯಕರ್ತೆ ಕೊಟ್ಟುಹೋದ ಡೇಪಾ ಎಣ್ಣೆಯ ಶೀಶೆ ಕಿಟಕಿಯ ದಂಡೆಯ ಮೇಲೆ ಬಿರಡೆ ಬಿಚ್ಚದೆ ನಿಂತಿರುತ್ತದೆ. ಅದಕ್ಕೆ ಕೊಟ್ಟ ದುಡ್ಡೂ ಇಲ್ಲ, ಪುಕ್ಕಟೆ ಬಂದದ್ದು. ಮನೆಯವರು, ಆಳುಗಳು ಬರಿಗಾಲಿನಲ್ಲಿ ದರಗು ತರಲು ಬೆಟ್ಟಕ್ಕೆ ಹೋಗಿರುತ್ತಾರೆ. ಮಂಗನ ಕಾಯಿಲೆ ಇರುವ ಊರುಗಳ ಮಾತನ್ನೇ ನಾವು ಹೇಳುತ್ತಿದ್ದೇವೆ.

ಮರಕ್ಕೆ ಮಾಡುವುದನ್ನು ಮೈಗೆ ಮಾಡಿಕೊಳ್ಳುವುದಿಲ್ಲ, ಏಕೆ? ಜನರಿಗೆ ತಿಳಿವಳಿಕೆ ಸಾಲದು ಎನ್ನುವುದು ಸಭೆಗಳಲ್ಲಿ ಎಲ್ಲರೂ ಕೊಡುವ ಸುಲಭದ ಉತ್ತರ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಅದನ್ನು ಒಪ್ಪದಿರಲು ಕಾರಣಗಳಿವೆ. 2020ರಿಂದ ಎರಡು ವರ್ಷ ಇಡೀ ಜಗತ್ತೇ ಕೊರೋನಾ ರೋಗದಿಂದ ನರಳಿದಾಗ, ಜನರು ಆರೋಗ್ಯದ ಕಟ್ಟುಪಾಡುಗಳನ್ನು ಯಾವಾಗ ಪಾಲಿಸುತ್ತಾರೆ, ಯಾವಾಗ ಬಿಡುತ್ತಾರೆ ಎಂಬುದರ ಬಗ್ಗೆ ಹಿಂದೆಂದೂ ಆಗದಷ್ಟು ಪರಿಶೀಲನೆ ನಡೆಯಿತು. ಅದರಿಂದ ತಿಳಿದುಬಂದ ಸಂಗತಿಗಳನ್ನೂ, ಅದಕ್ಕೂ ಹಿಂದಿನ ಕೆಲವು ಅನುಭವಗಳನ್ನೂ ನಮ್ಮ ತೋಟದ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ಕೊಟ್ಟೆಯಿಂದ ಬೋರ್ಡೋವಿಗೆ

ಬೋರ್ಡೋ ದ್ರಾವಣವೇನೂ ನಮ್ಮ ಅಜ್ಜಂದಿರಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಅವರ ಕಾಲದಲ್ಲಿ ಕೊಳೆಗೆ ಇದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟುವುದು. ಮಳೆನೀರು ಗೊನೆಗೆ ತಾಗದ ಹಾಗೆ ಮರಮರಕ್ಕೂ ಹತ್ತಿ ಮರೆ ಕಟ್ಟುವ ಈ ಕೆಲಸ ದೊಡ್ಡ ಖರ್ಚಿನದು, ಆದರೆ ಅದರ ತತ್ತ್ವ ಕಣ್ಣಿಗೆ ಕಾಣುವಂಥದು: ಒದ್ದೆಯಾದರೆ ಕೊಳೆಯುತ್ತದೆ, ಒದ್ದೆಯಾಗದಿದ್ದರೆ ಇಲ್ಲ. ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಕೊಳೆರೋಗದ ಅಧ್ಯಯನ ಕೈಗೊಂಡರು. ರೋಗಕ್ಕೆ ಕಾರಣ ಒಂದು ಬಗೆಯ ಶಿಲೀಂಧ್ರವೆಂದೂ, ಮೈಲುತುತ್ತ ಸುಣ್ಣದ ದ್ರಾವಣವನ್ನು ಮಳೆಗೆ ಮೊದಲು ಸಿಂಪಡಿಸಿದರೆ ಅದನ್ನು ತಡೆಯಬಹುದೆಂದೂ ತೋರಿಸಿದರು. 1910ರಲ್ಲಿ ಅವರ ವರದಿ ಅಚ್ಚಾಯಿತು.

ಯೋಚಿಸಿ ನೋಡಿದರೆ ಇದು ನಂಬಲು ಕಷ್ಟವಾದ ಮಾತು. ಗೊನೆಯನ್ನು ಒದ್ದೆ ಮಾಡಬಾರದು ಎಂದು ತಲೆತಲಾಂತರದಿಂದ ತಿಳಿದವನ ಮುಂದೆ, ನೀಲಿ ನೀರಿನಿಂದ ಗೊನೆಯನ್ನೇ ತೋಯಿಸು ಎಂದು ಹೊರಗಿನವನೊಬ್ಬ ಬಂದು ಹೇಳಿದರೆ ಏನನ್ನಿಸೀತು? ಆದರೂ ಆ ಪದ್ಧತಿ ಹಬ್ಬಿತು. ಅದು ಹಬ್ಬಿದ್ದು ಶಿಲೀಂಧ್ರದ ಹೆಸರನ್ನು ಬಾಯಿಪಾಠ ಮಾಡಿಸಿದ್ದರಿಂದ ಅಲ್ಲ. ಮದ್ದು ಹೊಡೆದ ತೋಟ, ಹೊಡೆಯದ ತೋಟ ಒಂದೇ ದಾರಿಯ ಎರಡು ಪಕ್ಕದಲ್ಲಿರುತ್ತವೆ. ಆಗಸ್ಟ್ ತಿಂಗಳಲ್ಲಿ ಒಂದರ ಬುಡದಲ್ಲಿ ಕೊಳೆತ ಕಾಯಿ ಹಾಸಿಗೆಯಂತೆ ಬಿದ್ದಿರುತ್ತದೆ, ಇನ್ನೊಂದರಲ್ಲಿ ಇಲ್ಲ. ಇದಕ್ಕಿಂತ ದೊಡ್ಡ ಉಪನ್ಯಾಸ ಬೇಕೆ? 2013ರಂತಹ ವಿಪರೀತ ಮಳೆಯ ವರ್ಷದಲ್ಲಿ ಮದ್ದು ಹೊಡೆದರೂ ಕೊಳೆ ಬಂದದ್ದುಂಟು. ಹಾಗೆಂದು ಮರುವರ್ಷ ಯಾರೂ ಹೊಡೆಯುವುದನ್ನು ಬಿಡಲಿಲ್ಲ. ಏಕೆಂದರೆ ಪಕ್ಕದ ತೋಟ ಕಣ್ಣೆದುರಿಗೇ ಇತ್ತು.

ಮನುಷ್ಯರ ರೋಗದಲ್ಲಿ ಇಲ್ಲದಿರುವುದು ಈ ಪಕ್ಕದ ತೋಟವೇ. ಎಣ್ಣೆ ಹಚ್ಚಿಕೊಂಡು ಹೋದವನಿಗೆ ಜ್ವರ ಬರಲಿಲ್ಲ. ಹಚ್ಚದೆ ಹೋದ ಹತ್ತು ಜನರಲ್ಲಿ ಒಂಬತ್ತು ಜನರಿಗೂ ಬರಲಿಲ್ಲ. ಹಚ್ಚಿದ್ದರಿಂದ ಉಳಿದೆ ಎಂದು ಅವನಿಗೆ ತಿಳಿಯುವುದಾದರೂ ಹೇಗೆ? ತಡೆಗಟ್ಟುವ ಕೆಲಸ ಯಶಸ್ವಿಯಾದಾಗ ತೋರಿಸಲು ಏನೂ ಉಳಿಯುವುದಿಲ್ಲ. ಈ ಒಂದು ತೊಡಕೇ ಮುಂದಿನ ಎಲ್ಲ ತೊಡಕುಗಳ ಬೇರು.

ಖಾಲಿ ನಿಂತ ಎಕ್ಸ್‌ರೇ ವಾಹನ

ನಮ್ಮವರಷ್ಟೇ ಹೀಗೆ ಎಂದು ಯಾರೂ ಕೀಳರಿಮೆ ಪಡಬೇಕಾಗಿಲ್ಲ. ಅಮೆರಿಕಾ ದೇಶದಲ್ಲಿ 1950ರ ದಶಕದಲ್ಲಿ ಕ್ಷಯರೋಗವನ್ನು ಆರಂಭದಲ್ಲೇ ಪತ್ತೆ ಮಾಡಲು ಸರ್ಕಾರ ಎಕ್ಸ್‌ರೇ ಯಂತ್ರವಿರುವ ವಾಹನಗಳನ್ನು ಬೀದಿಬೀದಿಗೂ ಕಳುಹಿಸಿತು. ದುಡ್ಡು ಕೊಡಬೇಕಾಗಿರಲಿಲ್ಲ, ದೂರ ನಡೆಯಬೇಕಾಗಿರಲಿಲ್ಲ. ಆದರೂ ಬಂದವರು ನಿರೀಕ್ಷಿಸಿದಷ್ಟು ಇರಲಿಲ್ಲ. ಇದೇಕೆ ಹೀಗೆಂದು ಗಾಡ್‌ಫ್ರೆ ಹಾಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞರು ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್ ನಗರಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 1958ರಲ್ಲಿ ವರದಿ ಕೊಟ್ಟರು.

ಅವರಿಗೆ ಕಂಡ ಸಂಗತಿ ಸರಳವಾದುದು. ಈ ರೋಗ ನನಗೂ ಬಂದೀತು ಎಂಬ ನಂಬಿಕೆ ಒಂದು. ಬೇಗ ಪತ್ತೆಯಾದರೆ ನನಗೆ ಪ್ರಯೋಜನವುಂಟು ಎಂಬ ನಂಬಿಕೆ ಇನ್ನೊಂದು. ಎರಡೂ ಇದ್ದವರಲ್ಲಿ ನೂರಕ್ಕೆ 82 ಮಂದಿ ತಾವಾಗಿ ಹೋಗಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ನೂರಕ್ಕೆ 21 ಮಂದಿ ಮಾತ್ರ. ಕ್ಷಯವೆಂದರೆ ಏನೆಂದು ತಿಳಿದಿದ್ದರೆ ಸಾಲದು, ಅದು ‘ನನಗೂ’ ಬರಬಹುದು ಎಂದು ಅನ್ನಿಸಬೇಕು. ಅನ್ನಿಸಿದರೂ ಸಾಲದು, ಮಾಡುವ ಕೆಲಸದಿಂದ ಫಲವಿದೆ ಎಂದು ತೋರಬೇಕು. ಬರೀ ಹೆದರಿಸಿ ಬಿಟ್ಟರೆ ಮನುಷ್ಯ ಹೆದರಿಕೆಯನ್ನು ಮರೆಯುವ ದಾರಿ ಹುಡುಕುತ್ತಾನೆಯೇ ಹೊರತು ರೋಗವನ್ನು ತಡೆಯುವ ದಾರಿಯನ್ನಲ್ಲ. ಹಾಕ್‌ಬಾಮ್ ಮತ್ತು ಅವರ ಜೊತೆಗಾರರು ಇದರ ಮೇಲೆ ಕಟ್ಟಿದ ವಿಚಾರವನ್ನು ಇಂದಿಗೂ ಆರೋಗ್ಯ ಇಲಾಖೆಗಳವರು ಓದುತ್ತಾರೆ. ಓದಿದವರೆಲ್ಲ ನಮ್ಮೂರಿಗೆ ಬಂದಾಗ ಮತ್ತೆ ಹೆದರಿಸುವ ಚಿತ್ರಪಟಗಳನ್ನೇ ಅಂಟಿಸಿ ಹೋಗುವುದೇಕೋ ನಮಗೆ ತಿಳಿಯದು.

ಇಲಿ ಬಿದ್ದರೆ ಊರು ಬಿಡುವುದು

ನಮ್ಮ ನಾಡಿನಲ್ಲಿ ಜನರು ಯಾರ ಬಲವಂತವೂ ಇಲ್ಲದೆ ಬಹು ಕಷ್ಟದ ಕಟ್ಟುಪಾಡೊಂದನ್ನು ಪಾಲಿಸಿದ ಉದಾಹರಣೆ ಇದೆ. ಅದು ಪ್ಲೇಗಿನ ಕಾಲದ್ದು. ಜಗತ್ತನ್ನೆಲ್ಲ ಸುತ್ತಿದ ಆ ಪಿಡುಗು 1896ರಲ್ಲಿ ಮುಂಬಯಿಗೂ, 1898ರಲ್ಲಿ ಬೆಂಗಳೂರಿಗೂ ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲೆಂದು ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿಯೇ. ಹಳ್ಳಿಗಳಲ್ಲಿ ವೈದ್ಯರೂ ಇರಲಿಲ್ಲ, ಬಡಾವಣೆಯೂ ಇರಲಿಲ್ಲ. ಅಲ್ಲಿ ನಡೆದದ್ದೆಂದರೆ, ಅಟ್ಟದಿಂದ ಇಲಿ ಸತ್ತು ಬಿದ್ದ ಕೂಡಲೇ ಮನೆಗೆ ಬೀಗ ಹಾಕಿ, ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು. ಹಿರಿಯರ ಬಾಯಲ್ಲಿ ‘ಇಲಿ ಬಿತ್ತು, ಊರು ಬಿಟ್ಟೆವು’ ಎಂಬ ಮಾತು ನಮ್ಮಲ್ಲಿ ಅನೇಕರು ಕೇಳಿದ್ದೇ.

ಇಲಿಯ ಮೈಯ ಚಿಗಟದಿಂದ ಪ್ಲೇಗು ಮನುಷ್ಯನಿಗೆ ಬರುತ್ತದೆಂದು ಫ್ರೆಂಚ್ ವೈದ್ಯ ಸಿಮಾಂಡ್ ಅವರು ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು. ಚಿಗಟದ ವಿಷಯ ಕೇಳಿಯೂ ಅರಿಯದ ರೈತ ಇಲಿ ಬಿದ್ದ ಮನೆಯನ್ನು ಬಿಟ್ಟು ಹೊರಡುತ್ತಿದ್ದ. ಮನೆ, ಕಣಜ, ದೇವರ ಗೂಡು ಎಲ್ಲವನ್ನೂ ಬಿಟ್ಟು ಹೋಗುವುದೇನು ಸಣ್ಣ ತ್ಯಾಗವೆ? ಆದರೆ ಅಲ್ಲಿ ಗುರುತು ಕಣ್ಣಿಗೆ ಕಾಣುತ್ತಿತ್ತು, ಮಾಡಬೇಕಾದದ್ದು ಕೈಗೆ ಸಿಗುವಂಥದು, ಮತ್ತು ಒಬ್ಬ ಹೊರಟರೆ ಇಡೀ ಕೇರಿಯೇ ಹೊರಡುತ್ತಿತ್ತು.

ಪುಣೆಯಲ್ಲಿ ಇದಕ್ಕೆ ವಿರುದ್ಧವಾಯಿತು. ಅಲ್ಲಿಯ ಪ್ಲೇಗು ಅಧಿಕಾರಿ ರ್‍ಯಾಂಡ್ ಎಂಬಾತ 1897ರಲ್ಲಿ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿ ಶೋಧ ಮಾಡಿಸಿದ. ಹೆಂಗಸರ ಮರ್ಯಾದೆ, ದೇವರ ಮನೆಯ ಮಡಿ ಯಾವುದನ್ನೂ ನೋಡಲಿಲ್ಲವೆಂದು ಜನರು ಕುದಿದರು. ಆ ವರ್ಷದ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಅವನಿಗೆ ಗುಂಡು ಹೊಡೆದದ್ದು ಚರಿತ್ರೆಯಲ್ಲಿದೆ. ರೋಗಿಗಳನ್ನು ಬೇರೆ ಇಡುವುದು, ಮನೆ ತೆರವು ಮಾಡುವುದು ಎಂಬ ಕ್ರಮಗಳು ಸ್ವತಃ ತಪ್ಪಾಗಿರಲಿಲ್ಲ. ಆದರೆ ಸಿಪಾಯಿ ಬಂದು ಬಾಗಿಲು ಒದೆಯುತ್ತಾನೆಂದರೆ ಮನೆಯವರು ಮೊದಲು ಮುಚ್ಚಿಡುವುದು ರೋಗಿಯನ್ನೇ.

ಅದೇ ಸಮಯದಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಪ್ಲೇಗಿಗೆ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊಟ್ಟಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಹೇಳುವವನು ತಾನು ಮಾಡಿ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಲಕ್ಷಾಂತರ ಜನ ಅದನ್ನು ಹಾಕಿಸಿಕೊಂಡರು. ಆದರೆ 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ದೋಷ ತಮ್ಮದಲ್ಲವೆಂದು ಹಾಫ್ಕಿನ್ ಅವರಿಗೆ ತೀರ್ಮಾನ ಸಿಗಲು 1907ನೆಯ ಇಸವಿ ಬರಬೇಕಾಯಿತು. ಲಕ್ಷ ಜನ ಉಳಿದದ್ದು ಕಾಣುವುದಿಲ್ಲ, ಹತ್ತೊಂಬತ್ತು ಹೆಣ ಕಾಣುತ್ತದೆ. ನಂಬಿಕೆಯನ್ನು ಅಡಿಕೆ ಸಸಿಗೆ ಹೋಲಿಸಬಹುದು. ಬೆಳೆಯಲು ಏಳೆಂಟು ವರ್ಷ, ಕಡಿಯಲು ಒಂದು ಏಟು.

ಮುಖಗವಸಿನ ವರ್ಷಗಳು

ಇನ್ನು ನಾವೆಲ್ಲರೂ ಕಂಡ ಕೊರೋನಾ ಕಾಲ. 2020ರ ಮಾರ್ಚಿ 25ರಿಂದ ದೇಶವೇ ಬಾಗಿಲು ಹಾಕಿತು. ನಮ್ಮ ಕಡೆ ಎಷ್ಟೋ ಹಳ್ಳಿಯವರು ಸರ್ಕಾರ ಹೇಳುವುದಕ್ಕೂ ಮೊದಲೇ ರಸ್ತೆಗೆ ಮರ ಅಡ್ಡ ಹಾಕಿ, ಹೊರಗಿನವರು ಬರಬಾರದೆಂದು ಕಾವಲು ನಿಂತರು. ಪ್ಲೇಗಿನ ಕಾಲದ ನೆನಪು ರಕ್ತದಲ್ಲಿ ಇನ್ನೂ ಇತ್ತೆಂದು ತೋರುತ್ತದೆ. ಆಗ ರೋಗ ನಮ್ಮಲ್ಲಿ ತೀರ ವಿರಳ. ಹೆಚ್ಚು ಬಂದದ್ದು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ. ಅಷ್ಟು ಹೊತ್ತಿಗೆ ಮುಖಗವಸು ಗಲ್ಲಕ್ಕೆ ಇಳಿದು, ಅಲ್ಲಿಂದ ಜೇಬಿಗೆ ಇಳಿದಿತ್ತು. ರೋಗ ಇಲ್ಲದಿದ್ದಾಗ ಹೆದರಿದೆವು, ಬಂದಾಗ ಹೆದರಿಕೆ ಸವೆದುಹೋಗಿತ್ತು.

ನಮ್ಮದೂ ಒಂದು ತಪ್ಪೊಪ್ಪಿಗೆ ಇಲ್ಲಿ ಇರಲಿ. ಆ ವರ್ಷದ ಆರಂಭದಲ್ಲಿ ಬೆಳೆಗಾರರ ಸಭೆಯೊಂದನ್ನು ನಾವೇ ಮುಂದೆ ನಿಂತು ನಡೆಸಿದೆವು. ಮುಖಗವಸು ಕಡ್ಡಾಯ ಎಂದು ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆಸಿ ಅಂಟಿಸಿದ್ದೆವು. ವೇದಿಕೆಯ ಮೇಲೆ ಕುಳಿತ ನಾವು ಭಾಷಣಕ್ಕೆ ಅಡ್ಡಿಯೆಂದು ಅದನ್ನು ತೆಗೆದೆವು. ಹಾರ ಹಾಕುವ ಹೊತ್ತಿಗೆ ಸಭೆಯಲ್ಲಿ ಒಬ್ಬರ ಮುಖದ ಮೇಲೂ ಅದು ಇರಲಿಲ್ಲ. ಬಾಗಿಲಿನ ಅಕ್ಷರವನ್ನು ಯಾರೂ ಓದಲಿಲ್ಲ, ಎಲ್ಲರೂ ನಮ್ಮ ಮುಖವನ್ನು ಓದಿದರು.

ಈ ವಿಷಯದಲ್ಲಿ ನಮಗೆ ಬಹಳ ಹಿಡಿಸಿದ ಪ್ರಯೋಗ ಬಾಂಗ್ಲಾದೇಶದ್ದು. ನಮ್ಮಂತೆಯೇ ಹಳ್ಳಿಗಾಡು, ನಮ್ಮಂತೆಯೇ ಸೆಕೆ, ಸಂತೆ, ಚಹಾದಂಗಡಿ. ಅಲ್ಲಿ 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರ ನಡುವೆ ಪರೀಕ್ಷೆ ನಡೆಯಿತು. ಅರ್ಧದಷ್ಟು ಹಳ್ಳಿಗಳನ್ನು ಇದ್ದಂತೆಯೇ ಬಿಟ್ಟರು. ಉಳಿದವುಗಳಲ್ಲಿ ಮನೆಮನೆಗೆ ಮುಖಗವಸು ಪುಕ್ಕಟೆ ಕೊಟ್ಟರು, ಹಾಕುವುದೇಕೆಂದು ತಿಳಿಸಿದರು, ಊರಿನ ಹಿರಿಯರಿಂದಲೂ ಇಮಾಮರಿಂದಲೂ ಹಾಕಿಸಿ ತೋರಿಸಿದರು. ಇದೆಲ್ಲದರ ಜೊತೆಗೆ ಸಂತೆಯಲ್ಲಿ, ಮಸೀದಿಯ ಬಾಗಿಲಲ್ಲಿ ಒಬ್ಬರು ನಿಂತು, ಹಾಕದೆ ಬಂದವರಿಗೆ ಬೈಯದೆ, ‘ಅಣ್ಣಾ, ಹಾಕಿಕೊಳ್ಳಿ’ ಎನ್ನುವಂತೆ ನೆನಪು ಮಾಡಿಕೊಟ್ಟರು. ಬಿಟ್ಟ ಹಳ್ಳಿಗಳಲ್ಲಿ ಸರಿಯಾಗಿ ಮುಖಗವಸು ಹಾಕಿದವರು ನೂರಕ್ಕೆ 13 ಇದ್ದರೆ, ಈ ಹಳ್ಳಿಗಳಲ್ಲಿ 42 ಆಯಿತು.

ಇದಕ್ಕಿಂತ ಸ್ವಾರಸ್ಯವಾದದ್ದು ಯಾವುದು ಕೆಲಸಕ್ಕೆ ಬರಲಿಲ್ಲ ಎಂಬುದು. ಫೋನಿಗೆ ಸಂದೇಶ ಕಳುಹಿಸಿದರು, ಪ್ರಯೋಜನವಾಗಲಿಲ್ಲ. ಊರಿಗೆ ಬಹುಮಾನ ಕೊಡುತ್ತೇವೆಂದರು, ಹೆಚ್ಚೇನೂ ಆಗಲಿಲ್ಲ. ನಿಮ್ಮನ್ನು ಉಳಿಸಿಕೊಳ್ಳಿ ಎಂದು ಹೇಳುವುದು ಮೇಲೋ, ಬೇರೆಯವರನ್ನು ಉಳಿಸಿ ಎಂದು ಹೇಳುವುದು ಮೇಲೋ ಎಂದು ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಕೊಟ್ಟದ್ದು, ತಿಳಿಸಿದ್ದು, ಮಾಡಿ ತೋರಿಸಿದ್ದು, ಎದುರಿಗೆ ನಿಂತು ನೆನಪಿಸಿದ್ದು ಇವು ನಾಲ್ಕೂ ಸೇರಿದಾಗ ಕೆಲಸವಾಯಿತು. ಅದರಲ್ಲೂ ಎದುರಿಗೆ ನಿಂತು ನೆನಪಿಸುವುದು ಬಹಳ ಮುಖ್ಯವಾಗಿ ಕಂಡಿತು. ಆಸ್ಪತ್ರೆಯ ಬಗೆಯ ಮುಖಗವಸು ಹಂಚಿದ ಹಳ್ಳಿಗಳಲ್ಲಿ ರೋಗವೂ ನೂರಕ್ಕೆ 11ರಷ್ಟು ಇಳಿಯಿತು. ಬಟ್ಟೆಯದನ್ನು ಹಂಚಿದ ಕಡೆ ಅಷ್ಟು ಖಚಿತವಾದ ಫಲ ಸಿಗಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು.

2022ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ 177 ದೇಶಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದರು. ಪಿಡುಗು ಎದುರಿಸಲು ತಯಾರಿ ಚೆನ್ನಾಗಿದೆ ಎಂದು ಮೊದಲೇ ಅಂಕ ಗಳಿಸಿದ್ದ ದೇಶಗಳಲ್ಲಿ ರೋಗ ಕಡಿಮೆ ಇತ್ತು ಎಂದೇನೂ ಕಾಣಲಿಲ್ಲ. ಎಲ್ಲಿ ಜನರಿಗೆ ಸರ್ಕಾರದ ಮೇಲೆ, ಅದಕ್ಕಿಂತ ಹೆಚ್ಚಾಗಿ ಒಬ್ಬರಿಗೆ ಇನ್ನೊಬ್ಬರ ಮೇಲೆ ನಂಬಿಕೆಯಿತ್ತೋ ಅಲ್ಲಿ ರೋಗ ಕಡಿಮೆ ಹರಡಿತ್ತು.

ನೆರೆಯವನ ಮೇಲಿನ ಈ ನಂಬಿಕೆಯ ಮಾತು ಕಾಫಿ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ದುಂಬಿ ಹೊರಗೆ ಹಾರುವ ಮೊದಲೇ ಹುಡುಕಿ ಕಿತ್ತು ಸುಡಬೇಕು. ನಾವು ನಿಷ್ಠೆಯಿಂದ ಸುಟ್ಟರೂ ಬೇಲಿಯಾಚೆಯವರು ಸುಡದಿದ್ದರೆ ಫಲವೇನು? ಅವರು ಸುಡುವುದಿಲ್ಲ ಎಂದು ತಿಳಿದರೆ ನಮಗೂ ಕೈ ಬರುವುದಿಲ್ಲ. ಫಲಕ್ಕೆ ಬಂದ ಗಿಡವನ್ನು ಕೀಳುವ ನೋವು ನಮಗೆ, ಲಾಭ ಎಲ್ಲರಿಗೆ ಎಂದಾಗ, ಎಲ್ಲರೂ ಮಾಡುತ್ತಾರೆಂಬ ಭರವಸೆ ಇಲ್ಲದೆ ಯಾರೂ ಮಾಡುವುದಿಲ್ಲ.

ಮಂಗ ಸತ್ತು ಬಿದ್ದಾಗ

ಈಗ ಕಿಟಕಿಯ ದಂಡೆಯ ಮೇಲಿನ ಎಣ್ಣೆ ಶೀಶೆಗೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಪತ್ತೆ ಮಾಡಿದರು. ಅಂದಿನಿಂದ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಿಗೆ ಹಬ್ಬಿ, ಘಟ್ಟದ ಸಾಲು ಹಿಡಿದು ಕೇರಳ, ಗೋವೆಯವರೆಗೂ ಹೋಗಿದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಆರಂಭವಾದ ಹಾವಳಿಯನ್ನು ನಮ್ಮ ಓದುಗರು ಮರೆತಿರಲಾರರು.

ಕಾಡಿನ ಉಣುಗಿನಿಂದ ಬರುವ ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದುದರಿಂದ ರೋಗಿಯ ಮನೆಯವರನ್ನು ದೂರ ಇಡುವುದು ಅನ್ಯಾಯ ಮಾತ್ರವಲ್ಲ, ನಿಷ್ಪ್ರಯೋಜಕ ಕೂಡ. ಉಣುಗಿನ ಮರಿಗಳು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣವು. ಒಣಗಿದ ಎಲೆಯ ಮೇಲೆ ಇರುತ್ತವೆ. ಹೆಚ್ಚುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಅಂದರೆ ಅಡಿಕೆ ಕೊನೆಕೊಯ್ಲು, ಕಾಫಿ ಕೊಯ್ಲು, ಸೊಪ್ಪಿನಬೆಟ್ಟದಿಂದ ದರಗು ತರುವುದು ಎಲ್ಲವೂ ನಡೆಯುವ ಕಾಲ. ಕಾಡಿಗೆ ಹೋಗಬೇಡಿ ಎಂದು ಹೇಳುವುದು ಸುಲಭ. ದರಗು ಇಲ್ಲದೆ ಕೊಟ್ಟಿಗೆಯಲ್ಲಿ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಇಂತಹ ಸಲಹೆಯನ್ನು ಜನರು ಪಾಲಿಸದಿದ್ದರೆ ಅದನ್ನು ಅಜ್ಞಾನವೆಂದು ಕರೆಯುವುದು ಸರಿಯಲ್ಲ.

ಲಸಿಕೆಯ ಕಥೆಯನ್ನೂ ನೇರವಾಗಿ ಹೇಳಬೇಕು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು ಎಂಬ ಕ್ರಮವಿದ್ದ ಲಸಿಕೆ ಅದು. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಅನೇಕರು ಮೊದಲನೆಯದಕ್ಕೇ ಕೈ ಮುಗಿದರು. 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಒಂದೇ ಸಲ ಹಾಕಿಸಿಕೊಂಡವರಿಗೆ ಪ್ರಯೋಜನ ಕಾಣಲಿಲ್ಲ. ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 62ರಷ್ಟು, ಮುಂದಿನವನ್ನೂ ಹಾಕಿಸಿಕೊಂಡವರಲ್ಲಿ ಸುಮಾರು 83ರಷ್ಟು ರಕ್ಷಣೆ ಸಿಕ್ಕಿತ್ತು. ಮುಂದೆ ಲಸಿಕೆಯ ಶಕ್ತಿಯೇ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಿದರು. ‘ಹಾಕಿಸಿಕೊಂಡರೂ ಬಂತಲ್ಲ’ ಎಂದು ಗೊಣಗಿದವರು ಪೂರ್ತಿ ತಪ್ಪು ಹೇಳಿರಲಿಲ್ಲ ಎಂದಾಯಿತು. ಅವರ ಮಾತನ್ನು ಆಗಲೇ ತಾಳ್ಮೆಯಿಂದ ಕೇಳಿದ್ದರೆ ಚೆನ್ನಾಗಿತ್ತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಕೈಗೆ ಬರುವವರೆಗೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೊಂದೇ ನಮಗಿರುವ ಬೋರ್ಡೋ.

ಎಣ್ಣೆ ಏಕೆ ಹಚ್ಚುವುದಿಲ್ಲವೆಂದು ಕೇಳಿದರೆ ಜಿಡ್ಡು, ವಾಸನೆ, ಬೆವರಿಗೆ ಅಂಟು ಎನ್ನುತ್ತಾರೆ. ಇವೆಲ್ಲ ನಿಜ. ಆದರೆ ಮುಖ್ಯ ಕಾರಣ, ಶೀಶೆ ಇರುವುದು ಮನೆಯ ಒಳಗೆ, ಕೆಲಸಕ್ಕೆ ಹೊರಡುವುದು ಕೊಟ್ಟಿಗೆಯ ಕಡೆಯಿಂದ ಎಂದು ನಮಗೆ ತೋರುತ್ತದೆ. ಕತ್ತಿ, ಹಗ್ಗ, ಕಲ್ಲಿ ಇಡುವ ಮೊಳೆಯ ಪಕ್ಕದಲ್ಲೇ ಎಣ್ಣೆಯನ್ನೂ ತೂಗುಹಾಕಿದರೆ ಅರ್ಧ ಕೆಲಸವಾದಂತೆ. ಕಾಫಿ ತೋಟದಲ್ಲಿ ಬೆಳಿಗ್ಗೆ ಹಾಜರಿ ಹಾಕುವ ಜಾಗದಲ್ಲಿ ಶೀಶೆ ಇಟ್ಟು, ರೈಟರೋ ಮೇಸ್ತ್ರಿಯೋ ಮೊದಲು ತಾವು ಕಾಲಿಗೆ, ಕೈಗೆ ಹಚ್ಚಿಕೊಂಡು ಆಮೇಲೆ ಹೆಸರು ಕೂಗಲಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಾಡಿದ್ದು ಇದನ್ನೇ. ಯಜಮಾನರು ಜೀಪಿನಿಂದ ಇಳಿಯದೆ ‘ಎಲ್ಲರೂ ಹಚ್ಚಿಕೊಳ್ರೋ’ ಎಂದು ಕೂಗಿ ಹೋದರೆ ಏನಾಗುತ್ತದೆಂದು ನಮ್ಮ ಸಭೆಯ ಕಥೆಯಲ್ಲಿ ಹೇಳಿದ್ದೇವೆ.

ಇನ್ನೊಂದು ವಿಷಯ ಕೆಲವು ಸದಸ್ಯರಿಗೆ ಹಿಡಿಸದಿರಬಹುದು. ಲೈನ್ ಮನೆಯ ಕೂಲಿಯವನಿಗೆ ಜ್ವರ ಬಂದರೆ ಅವನು ಮೊದಲೆರಡು ದಿನ ಹೇಳುವುದೇ ಇಲ್ಲ. ಹೇಳಿದರೆ ಆ ದಿನದ ಸಂಬಳ ಹೋಗುತ್ತದೆ. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವನು ಉಳಿಯುವ ಸಂಭವ ಹೆಚ್ಚು. ರೋಗ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುವುದುಂಟು. ಜ್ವರದ ದಿನಗಳ ಕೂಲಿಯನ್ನು ಕೊಟ್ಟೇ ಕೊಡುತ್ತೇವೆಂದು ಕೊಯ್ಲು ಆರಂಭವಾಗುವ ಮೊದಲೇ ಹೇಳಿದ ತೋಟದಲ್ಲಿ ಜ್ವರದ ಸುದ್ದಿ ಮೊದಲ ದಿನವೇ ಬರುತ್ತದೆ. ನಾಲ್ಕು ದಿನದ ಕೂಲಿಯನ್ನು ಒಂದು ಡ್ರಮ್ಮು ಬೋರ್ಡೋದ ಖರ್ಚಿನ ಪಕ್ಕದಲ್ಲಿ ಬರೆದು ನೋಡಿ.

ತೋಟದ ಅಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಎಳೆದು ಹಾಕಬೇಡಿ, ಹೂಳಬೇಡಿ. ಸತ್ತ ಮಂಗನ ಮೈಯಿಂದ ಉಣುಗುಗಳು ಸುತ್ತ ಇಳಿದಿರುತ್ತವೆ. ಆ ದಾರಿಯಲ್ಲಿ ದನ ಬಿಡುವುದನ್ನೂ ಜನ ಹೋಗುವುದನ್ನೂ ನಿಲ್ಲಿಸಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ನಮ್ಮ ಅಜ್ಜಂದಿರಿಗೆ ಬಿದ್ದ ಇಲಿ ಹೇಗೋ ನಮಗೆ ಬಿದ್ದ ಮಂಗ ಹಾಗೆ. ಬೆಟ್ಟದಿಂದ ಬಂದವರು ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಸೋಪು ಹಾಕಿ ಮೈ ತೊಳೆದು, ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಬೇಕು. ತಂದ ದರಗನ್ನು ಮನೆಯ ಅಂಗಳದಲ್ಲಿ ಒಟ್ಟದೆ ದೂರದಲ್ಲಿ ಒಟ್ಟುವುದು ಒಳ್ಳೆಯದು. ಈ ಹಂಗಾಮಿನ ಎಣ್ಣೆ ಇನ್ನೂ ಮನೆಗೆ ಬಾರದಿದ್ದವರು ತಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಬೇಕು. ಲೈನ್ ಮನೆಯವರ ಲೆಕ್ಕವನ್ನೂ ಸೇರಿಸಿ ಕೇಳಬೇಕು. ಹೊರಗಿನಿಂದ ಕೊಯ್ಲಿಗೆ ಬಂದವರ ಹೆಸರು ಅವರ ಪಟ್ಟಿಯಲ್ಲಿ ಇಲ್ಲದೇ ಇರಬಹುದು.